ಚಾರಣ ಕ್ಲಬ್ಬಿನ ಸಂಜೆ ಕಾರ್ಯಕ್ರಮ ನಡೆಸುವವರಿಗೆ

ಮಾತಾಡಲು ಬರುವವರಿಗೆ ಸುಮ್ನೆ "ಫೋಟೋ ತಗೊಂಡು ಬನ್ನಿ" ಅಂತ ಹೇಳಿ ಬಿಡಬೇಡಿ. ರಾಶಿ ಫೋಟೋ ಬರುತ್ತವೆ, ಅರ್ಧ ಒಂದೇ ಬೆಟ್ಟದ್ದು. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಾಕುಚಾ ಪದ್ಧತಿ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್. ಒಟ್ಟು 6 ನಿಮಿಷ 40 ಸೆಕೆಂಡ್. ಸ್ಲೈಡ್ ತಾನಾಗಿಯೇ ಮುಂದೆ ಹೋಗುವುದರಿಂದ ಮಾತು ಎಳೆಯುವುದಿಲ್ಲ. ಒಂದೇ ಸಂಜೆ ಮೂರ್ನಾಲ್ಕು ಜನ ಮಾತಾಡಬಹುದು, ಎದ್ದು ನಿಲ್ಲಲು ಅಳುಕುವವರೂ ಒಪ್ಪುತ್ತಾರೆ. ಮೊದಲ ಸ್ಲೈಡ್ ಮಾತ್ರ ದಾರಿಯ ನಕ್ಷೆಯೇ ಆಗಿರಲಿ. ನೀರು ಎಲ್ಲಿ ಸಿಕ್ಕಿತು, ಎಲ್ಲಿ ದಾರಿ ತಪ್ಪುವ ಹಾಗಿದೆ ಅನ್ನುವುದು ಸೂರ್ಯಾಸ್ತದ ಫೋಟೋಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಹರಟೆಗೆ ಕನಿಷ್ಠ ಅರ್ಧ ಗಂಟೆ ಬಿಡಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹೊಸಬರು ಎಲ್ಲರೆದುರು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ, ಅಲ್ವಾ? ಒಂದು ಮೇಜಿನ ಮೇಲೆ ಟೆಂಟ್, ಗ್ಯಾಸ್ ತೆಗೆದ ಸ್ಟವ್, ತುಂಬಿದ ಬೆನ್ನಿನ ಚೀಲ ಇಡಿ. ಅವರು ಚೀಲ ಎತ್ತಿ ಹಾಕಿಕೊಂಡು ಸೊಂಟದ ಪಟ್ಟಿ ಬಿಗಿದು ನೋಡಲಿ. ಭಾರ ಭುಜದಿಂದ ಸೊಂಟಕ್ಕೆ ಇಳಿದಾಗ ಮಾತು ತಾನಾಗಿಯೇ ಶುರುವಾಗುತ್ತದೆ. ಮುಂದಿನ ಚಾರಣಕ್ಕೆ ಹೆಸರು ಬರೆಯುವ ಹಾಳೆಯೂ ಅದೇ ಮೇಜಿನ ಮೇಲಿರಲಿ, ಪಕ್ಕದಲ್ಲಿ ಹಳೇ ಸದಸ್ಯರೊಬ್ಬರು ನಿಂತಿರಲಿ.