ಪಿವೈಪಿ ಶಾಲೆಯ ಪಠ್ಯಕ್ರಮ ಪರಿಶೀಲನೆ: ಸಲಹೆಗಾರರು ಎಲ್ಲಿಂದ ಶುರು ಮಾಡಬೇಕು

ಪಿವೈಪಿ ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ (ಐಬಿ) ಸಂಸ್ಥೆಯ ಪ್ರಾಥಮಿಕ ಹಂತದ ಕಾರ್ಯಕ್ರಮ. ಶಿಕ್ಷಕರ ಪಾಠ ಯೋಜನೆಯ ಕಡತ ಆಮೇಲೆ ಓದಿ; ಮೊದಲು ಮಕ್ಕಳ ನೋಟ್‌ಬುಕ್ ತರಿಸಿಕೊಳ್ಳಿ. ತರಗತಿಗೆ ಮೂರು ಸಾಕು: ಚುರುಕಾಗಿ ಕಲಿಯುವವರದು, ಮಧ್ಯಮದವರದು, ತಡವರಿಸುವವರದು. ಕಡತದಲ್ಲಿ ‘ಮಕ್ಕಳೇ ಹುಡುಕಿ ಕಲಿತರು’ ಎಂದಿದ್ದು, ಮೂರರಲ್ಲೂ ಬೋರ್ಡಿನಿಂದ ಇಳಿಸಿಕೊಂಡ ಅದೇ ವಾಕ್ಯ ಕಂಡರೆ ತೊಂದರೆ ಇರುವುದು ಪಾಠದಲ್ಲಿ.

ಗೋಡೆಗೆ ದೊಡ್ಡ ಹಾಳೆ ಅಂಟಿಸಿ. ಅಡ್ಡಕ್ಕೆ ಐಬಿಯ 6 ಥೀಮ್‌ಗಳು (ಎಲ್ಲ ಪಾಠಗಳನ್ನೂ ಬೆಸೆಯುವ ದೊಡ್ಡ ವಿಷಯಗಳು), ಉದ್ದಕ್ಕೆ ತರಗತಿಗಳು. 6 ವರ್ಷ ದಾಟಿದವರಿಗೆ ಪ್ರತಿ ವರ್ಷ ಆರೂ ಥೀಮ್ ಬೇಕು. 3ರಿಂದ 6ರ ಪುಟಾಣಿಗಳಿಗೆ ಕನಿಷ್ಠ 4. ಪ್ರತಿ ಘಟಕದ, ಅಂದರೆ ಒಂದು ಥೀಮ್‌ನಡಿ ನಡೆಯುವ ಪಾಠಸರಣಿಯ, ಮುಖ್ಯ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಮೇಲಿನಿಂದ ಕೆಳಕ್ಕೆ ಓದಿ. ನೀರಿನ ಘಟಕ ಎರಡನೆಯ ತರಗತಿಯಲ್ಲೂ ನಾಲ್ಕನೆಯ ತರಗತಿಯಲ್ಲೂ ಬರಲಿ, ಅಡ್ಡಿಯಿಲ್ಲ. ಎರಡರಲ್ಲೂ ‘ನೀರು ಉಳಿಸಬೇಕು’ ಎಂದಷ್ಟೇ ಇದ್ದರೆ ನಾಲ್ಕನೆಯದನ್ನು ‘ನೀರು ಹಂಚುವ ರೀತಿ ಊರಿನ ಬದುಕನ್ನು ಬದಲಿಸುತ್ತದೆ’ ಎಂಬ ಕಡೆಗೆ ಒಯ್ಯಿರಿ. ತಿದ್ದುವುದು ಶಿಕ್ಷಕರ ಕೈಯಿಂದಲೇ ಆಗಲಿ.

ಕರಾರಿನಲ್ಲಿ ಭೇಟಿಯ ದಿನಗಳ ಜೊತೆ ವರದಿ ಬರೆಯುವ ದಿನಗಳನ್ನೂ ಸೇರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ.