ಶಿಫಾರಸಿಲ್ಲದೆ ಮಾಜಿ ಸಚಿವರನ್ನು ಚಿಕ್ಕಮಗಳೂರಿಗೆ ಕರೆಸಿದ್ದು

"ಬರೀ ಕಾಗದಕ್ಕೆ ಅಂಥವರು ಬರ್ತಾರೇನ್ರೀ?" ಅಂತ ನಮ್ಮ ಸಂಘದ ಖಜಾಂಚಿ ಮೂರು ವರ್ಷ ನಕ್ಕರು. ಹೋದ ನವೆಂಬರಿನಲ್ಲಿ ಆ ಮಾಜಿ ಸಚಿವರು ಬಂದೇ ಬಂದರು. ಇಪ್ಪತ್ತು ನಿಮಿಷ ಕೇಳಿದ್ದಕ್ಕೆ ಮುಕ್ಕಾಲು ಗಂಟೆ ಮಾತಾಡಿದರು. ಅವರ ಹೆಸರು ಇಲ್ಲಿ ಬೇಡ. ಹೇಳಿದರೆ ನಾಳೆಯೇ ನೀವೆಲ್ಲ ಅವರಿಗೆ ಕಾಗದ ಹಾಕುತ್ತೀರಿ.

ಪಿಎ, ಟಿಪಿ (ಸಾಹೇಬರ ಪ್ರವಾಸದ ಪಟ್ಟಿ), ಐಬಿ (ಸರ್ಕಾರಿ ಪ್ರವಾಸಿ ಮಂದಿರ) ರೂಮು, ಕಾರ್ಡಿನಲ್ಲಿ ಹೆಸರಿನ ಜಗಳ, ಇವೆಲ್ಲ ಕಾರ್ಯಕ್ರಮ ಮಾಡುವವರಿಗೆ ಗೊತ್ತಿದ್ದದ್ದೇ. ನಾನು ಬಿದ್ದ ಗುಂಡಿಗಳನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ ಕಳಿಸಿದೆ. ಧೀಮಂತರು, ಅಮೂಲ್ಯ ಸಮಯ, ಘನ ಉಪಸ್ಥಿತಿ, ಎಲ್ಲ ಇತ್ತು. ಎರಡು ಸಾಲಿನ ಶುಭಾಶಯ ಸಂದೇಶ ಬಂತು. ಅದನ್ನು ಮದುವೆ ಮನೆಗೂ ಕಳಿಸಬಹುದಿತ್ತು.

ಎರಡನೇ ವರ್ಷ "ಸಾಹೇಬ್ರು ನಮ್ಮೋರೇ" ಅಂದ ಒಬ್ಬರನ್ನು ನಂಬಿದೆ. ಡೀಸೆಲ್ಲಿಗೆ ಅಂತ ಎಂಟು ಸಾವಿರ ತಗೊಂಡರು. ಫ್ಲೆಕ್ಸು, ಶಾಮಿಯಾನ, ಏಲಕ್ಕಿ ಹಾರ, ಪೇಟ ಎಲ್ಲ ಬಂತು. ಹಿಂದಿನ ರಾತ್ರಿ ಫೋನ್: ಸಾಹೇಬರಿಗೆ ಜ್ವರ. ಆಮೇಲೆ ವಿಚಾರಿಸಿದರೆ ಟಿಪಿಯಲ್ಲಿ ನಮ್ಮೂರಿನ ಹೆಸರೇ ಇರಲಿಲ್ಲ! ಇಪ್ಪತ್ತಾರು ಸಾವಿರದಷ್ಟು ನೀರಲ್ಲಿ ಹೋಮ. ಕೇಸರಿಬಾತ್ ಹಾಸ್ಟೆಲ್ ಹುಡುಗರ ಪಾಲಾಯಿತು. ಪೇಟ ಇನ್ನೂ ನಮ್ಮನೆ ಬೀರುವಿನಲ್ಲಿದೆ.

ಮೂರನೇ ಸಲ ಸುಮ್ನೆ ಕೂತು ಯೋಚಿಸಿದೆ. ಇವರನ್ನು ಎಲ್ಲರೂ ದೀಪ ಹಚ್ಚೋಕೆ ಕರೆಯುತ್ತಾರೆ. ಏನಾದರೂ ಕೇಳುವವರು ಯಾರು? 1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇವರು ಹುಡುಗರು, ಇಂದಿರಾ ಗಾಂಧಿ ಪರ ಪ್ರಚಾರಕ್ಕೆ ಓಡಾಡಿದವರು. ಆಗಿನ ಸಂಸದ ಚಂದ್ರೇಗೌಡರು ಇಂದಿರಾಗೆ ಬಿಟ್ಟುಕೊಟ್ಟ ಸೀಟು, ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಗೆಲುವಿನ ಅಂತರ 70 ಸಾವಿರಕ್ಕೂ ಜಾಸ್ತಿ. ಇಷ್ಟು ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಕೇಳಿದ್ದು ಬೇರೆ: "1977ರ ಲೋಕಸಭೆಗೆ ಕಾಂಗ್ರೆಸ್ಸಿನ ಹಸು-ಕರು ಗುರುತಿಗೆ ಮುದ್ರೆ ಒತ್ತಿದ ಜನಕ್ಕೆ ಮರುವರ್ಷ ಇಂದಿರಾ ಗುರುತು ಹಸ್ತ ಅಂತ ಹೇಗೆ ತಿಳಿಸಿದಿರಿ?"

ಎರಡೂವರೆ ರೂಪಾಯಿ ಇನ್‌ಲ್ಯಾಂಡ್ ಲೆಟರಿನಲ್ಲಿ ಕೈಯಲ್ಲೇ ಬರೆದೆ. ಜಾಗ ಕಮ್ಮಿ, ಹೊಗಳೋಕೆ ಆಗಲ್ಲ. ನವೆಂಬರಿನ ಮೂರು ಭಾನುವಾರ ಕೊಟ್ಟೆ. ಮಳೆ ಹೋಗಿರುತ್ತೆ, ಅರೇಬಿಕಾ ಕೊಯ್ಲು ಜೋರಾಗಿರಲ್ಲ. ಡಿಸೆಂಬರ್ ಆದರೆ ಬೆಳಗಾವಿ ಅಧಿವೇಶನ, ಊರಿನ ಪುಢಾರಿಗಳೆಲ್ಲ ಆ ಕಡೆ. ವೇದಿಕೆ ಮೇಲೆ ನೀವೊಬ್ಬರೇ ಅಂತಲೂ ಬರೆದೆ. ಕಾಗದ ಆಫೀಸಿಗೆ ಹಾಕಲಿಲ್ಲ, ಮನೆಗೆ ಹಾಕಿದೆ. ಯಾರ ಹೆಸರಿಗೆ ಅಂತ ಮಾತ್ರ ಕೇಳಬೇಡಿ.

ಒಂಬತ್ತೋ ಹತ್ತೋ ದಿನಕ್ಕೆ ಅವರೇ ಫೋನ್ ಮಾಡಿದರು. "ಯಾರಪ್ಪಾ ಅದು, ಹಸು-ಕರು ಕೇಳಿದ್ದು?"

ನಡುವೆ ತಮಾಷೆಗೆ ಇನ್ನಿಬ್ಬರು ಮಾಜಿಗಳ ಮೇಲೂ ಪ್ರಯೋಗ ಮಾಡಿದೆ. ಒಬ್ಬರಿಗೆ ಇಂಗ್ಲಿಷಿನಲ್ಲಿ ಬರೆದೆ. ಉತ್ತರವೇ ಇಲ್ಲ. ಇನ್ನೊಬ್ಬರಿಗೆ ಕಾಗದದ ಜೊತೆ ಅರ್ಧ ಕೆಜಿ ಕಾಫಿಪುಡಿ ಇಟ್ಟೆ. ಪಿಎ ಫೋನ್ ಮಾಡಿ ಪುಡಿ ಚೆನ್ನಾಗಿದೆ, ಚಿಕೋರಿ ಎಷ್ಟು ಪರ್ಸೆಂಟ್ ಅಂದರು. ತಾರೀಖಿನ ಸುದ್ದಿಯೇ ಎತ್ತಲಿಲ್ಲ.

ಈ ಸಲ ಖರ್ಚು ಹದಿನಾಲ್ಕು ಸಾವಿರದ ಆಸುಪಾಸು. ಹಾಲ್ ಬಾಡಿಗೆ ಐದು, ಊಟ ಆರು, ಉಳಿದದ್ದು ಮೈಕು, ಕಾರ್ಡು. ಬೆಂಗಳೂರಿನಿಂದ ತಮ್ಮ ಕಾರಿನಲ್ಲೇ ಬಂದರು. ಡೀಸೆಲ್ ಕಾಸು ಮುಟ್ಟಲಿಲ್ಲ. ಹಾರ, ಪೇಟ ಬೇಡ ಅಂದಿದ್ದರಿಂದ ಬೀರು ತೆಗೆಯುವ ಪ್ರಮೇಯ ಬರಲಿಲ್ಲ.

ಮೈಕಿನ ಮುಂದೆ ನಿಂತು ಜುಬ್ಬಾ ಜೇಬಿಗೆ ಕೈ ಹಾಕಿದರು. ಭಾಷಣದ ಚೀಟಿ ಅಂದುಕೊಂಡೆ. ನನ್ನದೇ ಇನ್‌ಲ್ಯಾಂಡು! ನಾಲ್ಕು ಮಡಿಕೆ, ಹಸು-ಕರು ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ. ಅದನ್ನು ಓದಿ, ಬಲಗೈ ಎತ್ತಿ ಅಂಗೈ ತೋರಿಸಿದರು. "ಹೀಗೇ ತೋರಿಸಿದ್ದು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ರೇಖೆ ನೋಡೋಕೆ ಶುರು ಮಾಡಿದ್ರು." ಖಜಾಂಚಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಈಗ ಮೂಡಿಗೆರೆ ಕಡೆಯ ಸಂಘದವರು, ಕಡೂರಿನವರು ಆ ಕಾಗದದ ನಕಲು ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಎರಡನೇ ಪ್ಯಾರಾ ತೆಗೆದು.