ಯಂತ್ರ ನಿಲ್ಲುವವರೆಗೂ ತೆಗೆಯದ ಇಯರ್ ಮಫ್: ಉದ್ಯಾನ ಕೆಲಸದಲ್ಲಿ ಕಿವಿ ಕಾಪಾಡಿಕೊಂಡ ನನ್ನ ಅನುಭವ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಮತ್ತು ಖಾಸಗಿ ಬಡಾವಣೆಗಳ ಉದ್ಯಾನಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುವುದು ನನ್ನ ವೃತ್ತಿ. ಹುಲ್ಲುಹಾಸಿಗೆ ಲಾನ್ ಮೋವರ್, ಖಾಲಿ ನಿವೇಶನಗಳಲ್ಲಿ ಬೆಳೆದು ನಿಂತ ಕಾಂಗ್ರೆಸ್ ಗಿಡಕ್ಕೆ ಬ್ರಷ್ ಕಟರ್, ಬೇಲಿಗಿಡಗಳಿಗೆ ಹೆಡ್ಜ್ ಟ್ರಿಮ್ಮರ್, ತರಗೆಲೆಗೆ ಬ್ಲೋವರ್, ಮಳೆಗಾಳಿಗೆ ಮುರಿದು ಬಿದ್ದ ಕೊಂಬೆಗಳಿಗೆ ಚೈನ್ ಸಾ, ಹೀಗೆ ನಮ್ಮ ದಿನದ ಬಹುಪಾಲು ಪೆಟ್ರೋಲ್ ಯಂತ್ರಗಳ ಜೊತೆಯಲ್ಲಿಯೇ ಕಳೆಯುತ್ತದೆ. ಈ ಕೆಲಸವನ್ನು ನನಗೆ ಕಲಿಸಿದ ಮೇಸ್ತ್ರಿಗಳು ಐವತ್ತು ದಾಟುವ ಹೊತ್ತಿಗೆ ಎದುರಿಗೆ ಕುಳಿತವರ ತುಟಿ ನೋಡಿ ಮಾತನ್ನು ಊಹಿಸುವ ಸ್ಥಿತಿಗೆ ಬಂದಿದ್ದರು. "ಫೋನಲ್ಲಿ ಮೊಮ್ಮಗಳ ದನಿ ಕೇಳ್ತದೆ ಕಣಪ್ಪ, ಏನಂತಾಳೆ ಅನ್ನೋದು ಮಾತ್ರ ಗೊತ್ತಾಗಲ್ಲ" ಎಂದು ಅವರು ಹೇಳುತ್ತಿದ್ದರು. ನಾನು ಸ್ವಂತ ತಂಡ ಕಟ್ಟುವಾಗ ಯಂತ್ರಗಳ ಜೊತೆಗೇ ಕಿವಿರಕ್ಷಕಗಳನ್ನೂ (ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್, ಕಿವಿಯೊಳಗೆ ಇಡುವ ಇಯರ್ ಪ್ಲಗ್) ಕೊಳ್ಳಬೇಕೆಂದು ನಿರ್ಧರಿಸಿದ್ದಕ್ಕೆ ಆ ಮಾತೇ ಕಾರಣ.

ದನಿ ಕೇಳಿಸಿಯೂ ಮಾತು ತಿಳಿಯದಿರುವುದಕ್ಕೆ ಸ್ಪಷ್ಟವಾದ ಕಾರಣವಿದೆ. ಒಳಗಿವಿಯ ಶಂಖದಾಕಾರದ ಕಾಕ್ಲಿಯದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಶಬ್ದದ ಕಂಪನವನ್ನು ನರದ ಸಂಕೇತವಾಗಿ ಬದಲಾಯಿಸುವುದು ಇವೇ, ಮತ್ತು ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಯಂತ್ರದ ಗದ್ದಲ ಮೊದಲು ಕೆಡಿಸುವುದು 3,000ದಿಂದ 6,000 ಹರ್ಟ್ಸ್‌ವರೆಗಿನ ಎತ್ತರದ ಸ್ವರಗಳನ್ನು ಗ್ರಹಿಸುವ ಭಾಗವನ್ನು. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಕಾಣುವ ತಗ್ಗು ಇದರ ಗುರುತು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಆದ್ದರಿಂದ ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಪದಗಳು ಮಾತ್ರ ಬಿಡಿಸಿ ಕೇಳುವುದಿಲ್ಲ. ನೋವಿಲ್ಲದೆ, ರಕ್ತವಿಲ್ಲದೆ ಆಗುವ ಗಾಯವಾದ್ದರಿಂದ ಕೆಲಸಗಾರರು ಇದನ್ನು ಗಾಯವೆಂದೇ ಎಣಿಸುವುದಿಲ್ಲ. ಸಂಜೆ ಕಿವಿಯಲ್ಲಿ ಗುಂಯ್ ಎನ್ನುವುದು, ಮನೆಯಲ್ಲಿ ಟಿವಿಯ ಸದ್ದನ್ನು ಹೆಚ್ಚಿಸುವುದು, ಬೆಳಿಗ್ಗೆಗೆ ಎಲ್ಲ ಸರಿಹೋದಂತೆ ಅನಿಸುವುದು, ಇವೇ ಎಚ್ಚರಿಕೆಯ ಲಕ್ಷಣಗಳು. ಹೊಸಬರು ಸೇರಿದಾಗ ನಾನು ಮೊದಲು ವಿಚಾರಿಸುವುದೂ ಇವುಗಳನ್ನೇ.

ಮಾತುಕತೆಯ ಸದ್ದು ಸುಮಾರು 60 ಡೆಸಿಬಲ್. ಪೆಟ್ರೋಲ್ ಲಾನ್ ಮೋವರ್ ನಡೆಸುವವನ ಕಿವಿಯ ಬಳಿ ಸಾಮಾನ್ಯವಾಗಿ 90ರ ಆಸುಪಾಸಿನಲ್ಲಿರುತ್ತದೆ, ಟು ಸ್ಟ್ರೋಕ್ ಬ್ರಷ್ ಕಟರ್ ಪೂರ್ತಿ ರೇಸಿನಲ್ಲಿ 100ರ ಸುತ್ತ ಇರುತ್ತದೆ, ಚೈನ್ ಸಾ 110ರ ಹತ್ತಿರಕ್ಕೂ ಹೋಗುತ್ತದೆ. ಡೆಸಿಬಲ್ ಲೆಕ್ಕ ಕೂಡುವ ಲೆಕ್ಕದಂತಲ್ಲ; ಪ್ರತಿ 3 ಡೆಸಿಬಲ್‌ಗೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯಾದ ನಿಯೋಷ್ ಇದೇ ಆಧಾರದ ಮೇಲೆ ದಿನಕ್ಕೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ, 88ರಲ್ಲಿ ನಾಲ್ಕು ಗಂಟೆ, 91ರಲ್ಲಿ ಎರಡು ಗಂಟೆ ಎಂದು ಮಿತಿ ಸೂಚಿಸಿದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಬರಿಗಿವಿಯಲ್ಲಿ ಸಿಗುವ ಅವಕಾಶ ದಿನಕ್ಕೆ ಹದಿನೈದು ನಿಮಿಷ ಮಾತ್ರ. ನಮ್ಮ ದೇಶದ ಕಾರ್ಖಾನೆಗಳ ನಿಯಮದಲ್ಲಿ ಮಿತಿ ಎಂಟು ಗಂಟೆಗೆ 90 ಡೆಸಿಬಲ್ ಎಂದಿದೆ, ಮತ್ತು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಗದ್ದಲದಿಂದಾಗುವ ಕಿವುಡುತನವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಲಾಗಿತ್ತು. ಅಪಾರ್ಟ್‌ಮೆಂಟಿನ ಹುಲ್ಲು ಕತ್ತರಿಸುವ ನಾಲ್ಕಾರು ಜನರ ತಂಡಕ್ಕೆ ಕಾರ್ಖಾನೆ ನಿರೀಕ್ಷಕರು ಬರುವುದಿಲ್ಲ. ಕೆಲಸಗಾರರ ಕಿವಿಯ ಹೊಣೆ ತಂಡದ ಯಜಮಾನನದೇ ಎಂದು ತಿಳಿದು ನಾನು 85ರ ಬಿಗಿಯಾದ ಮಿತಿಯನ್ನೇ ಇಟ್ಟುಕೊಂಡಿದ್ದೇನೆ.

ಈ ವಿಷಯದಲ್ಲಿ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿದ ಲೆಕ್ಕ ಇನ್ನೊಂದಿದೆ. 30 ಡೆಸಿಬಲ್ ತಗ್ಗಿಸುವ ಒಳ್ಳೆಯ ರಕ್ಷಕವನ್ನು ಹಾಕಿಕೊಂಡು ಒಂದು ಗಂಟೆ ಯಂತ್ರ ನಡೆಸುವಾಗ, ನಡುವೆ ಕೇವಲ ಆರು ನಿಮಿಷ ಅದನ್ನು ಕುತ್ತಿಗೆಗೆ ಇಳಿಸಿಕೊಂಡರೆ, ಆ ಇಡೀ ಗಂಟೆಯ ರಕ್ಷಣೆ ಸುಮಾರು 10 ಡೆಸಿಬಲ್‌ಗೆ ಕುಸಿಯುತ್ತದೆ. ಅರ್ಧ ಗಂಟೆ ಇಳಿಸಿಕೊಂಡರೆ ಉಳಿಯುವುದು 3 ಡೆಸಿಬಲ್. ಬರಿಗಿವಿಯ ಆ ಕೆಲವೇ ನಿಮಿಷಗಳಲ್ಲಿ ಒಳಹೊಕ್ಕ ಶಬ್ದವು ಉಳಿದ ಸಮಯದ ಎಚ್ಚರವನ್ನೆಲ್ಲ ನುಂಗಿಹಾಕುತ್ತದೆ. ಇದನ್ನು ಅರಿತ ಮೇಲೆ ಪೊಟ್ಟಣದ ಮೇಲೆ ಅತಿ ದೊಡ್ಡ ಸಂಖ್ಯೆ ಇರುವ ಮಫ್ ಹುಡುಕುವುದನ್ನು ಬಿಟ್ಟು, ಕೆಲಸಗಾರ ಯಾವ ಯಾವ ಕಾರಣಕ್ಕೆ ಅದನ್ನು ಕಿವಿಯಿಂದ ತೆಗೆಯುತ್ತಾನೆ ಎಂಬುದನ್ನು ನೋಡುತ್ತ ಹೋದೆ. ಸೆಕೆ, ಬೆವರು, ಬಿಗಿತ, ಫೋನು, ಪಕ್ಕದವನ ಮಾತು, ಯಂತ್ರದ ಸದ್ದು ತಿಳಿಯಬೇಕೆಂಬ ಆತಂಕ: ಹೆಚ್ಚುಕಡಿಮೆ ಎಲ್ಲ ಕಾರಣಗಳೂ ಇಷ್ಟರಲ್ಲಿಯೇ ಅಡಗಿದ್ದವು.

ರಾಯಚೂರು ಕಡೆಯ ಹಿರಿಯ ಕೆಲಸಗಾರರೊಬ್ಬರು ಮೊದಲ ದಿನವೇ "ಇದನ್ನ ಹಾಕ್ಕೊಂಡ್ರ ಗಾಡಿ ಸಪ್ಪಳ ಕೇಳಂಗಿಲ್ರಿ ಸರ, ಬ್ಲೇಡ್ ಕಲ್ಲಿಗೆ ಬಡಿದ್ರ ಹ್ಯಾಂಗ ಗೊತ್ತಾಗ್ಬೇಕ್ರಿ" ಎಂದು ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಶಬ್ದ ಪೂರ್ತಿ ನಿಲ್ಲುವುದಿಲ್ಲ, ಒಟ್ಟಾರೆ ಇಳಿಯುತ್ತದೆ, ಅಷ್ಟೆ. ಎಂಜಿನ್ನಿನ ಏರಿಳಿತ ಮಫ್ ಒಳಗೂ ತಿಳಿಯುತ್ತದೆ, ಬ್ಲೇಡು ಕಲ್ಲಿಗೆ ತಾಗಿದ್ದು ಹಿಡಿಕೆಯಲ್ಲಿ ಕೈಗೇ ಗೊತ್ತಾಗುತ್ತದೆ. ಕೇಳ್ಮೆ ಸರಿಯಿರುವವರಿಗೆ ಭಾರಿ ಗದ್ದಲದ ನಡುವೆ ಮಫ್ ಹಾಕಿಕೊಂಡಾಗಲೇ ಕೂಗಿದ ಮಾತು ಎಷ್ಟೋ ಬಾರಿ ಚೆನ್ನಾಗಿ ಬಿಡಿಸಿ ಕೇಳುತ್ತದೆ. ಆದರೂ ವಾದದಿಂದ ಒಪ್ಪಿಸುವುದು ನನಗೆ ಸರಿ ಕಾಣಲಿಲ್ಲ. ಖಾಲಿ ನಿವೇಶನವೊಂದರಲ್ಲಿ ಅವರ ಕೈಗೆ ಯಂತ್ರ ಕೊಟ್ಟು, ಮಫ್ ಹಾಕಿಸಿ, ನಿಧಾನವಾಗಿ ಅಭ್ಯಾಸ ಮಾಡಿಸಿದೆ. ಈಗ ಹೊಸಬರಿಗೆ ಅವರೇ ಹೇಳಿಕೊಡುತ್ತಾರೆ.

ಕೊಳ್ಳುವ ವಿಷಯಕ್ಕೆ ಬಂದರೆ, ಎಸ್.ಜೆ.ಪಿ. ರಸ್ತೆಯ ಸುರಕ್ಷತಾ ಸಾಮಗ್ರಿಯ ಅಂಗಡಿಗಳಲ್ಲಿ ನಾನು ಮೊದಲು ನೋಡುವುದು ಎಷ್ಟು ಡೆಸಿಬಲ್ ಸದ್ದು ತಗ್ಗುತ್ತದೆಂದು ಹೇಳುವ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂಬ ಸಂಖ್ಯೆ ಮುದ್ರಿತವಾಗಿದೆಯೇ ಎಂಬುದನ್ನು. ಯಾವ ಸಂಖ್ಯೆಯೂ ಇಲ್ಲದ ಮಫ್ ಆಟಿಕೆಗೆ ಸಮಾನವೆಂದೇ ನನ್ನ ತೀರ್ಮಾನ. ಆ ಸಂಖ್ಯೆ ಪ್ರಯೋಗಾಲಯದ್ದಾದ್ದರಿಂದ ಬಿಸಿಲಿನ ಕೆಲಸದಲ್ಲಿ ಅಷ್ಟು ಸಿಗುವುದಿಲ್ಲ. ಎನ್‌ಆರ್‌ಆರ್‌ನಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡುವ ಲೆಕ್ಕ ಬಳಕೆಯಲ್ಲಿದೆ, ನಾನೂ ಅದನ್ನೇ ಅನುಸರಿಸುತ್ತೇನೆ. 25 ಎಂದು ಬರೆದ ಮಫ್ ಹೀಗೆ 9 ಡೆಸಿಬಲ್ ತಗ್ಗಿಸುತ್ತದೆಂದು ಹಿಡಿದರೆ, 100ರ ಬ್ರಷ್ ಕಟರ್ ಕಿವಿಗೆ 91 ಆಗಿ ತಲುಪುತ್ತದೆ, ಅಂದರೆ ಒಬ್ಬರಿಗೆ ದಿನಕ್ಕೆ ಎರಡು ಗಂಟೆ. ಅದಕ್ಕೇ ನಮ್ಮಲ್ಲಿ ಬ್ರಷ್ ಕಟರ್ ಒಬ್ಬರ ಕೈಯಲ್ಲಿಯೇ ದಿನವಿಡೀ ಇರುವುದಿಲ್ಲ. ಒಬ್ಬರು ಕತ್ತರಿಸಿದ ಮೇಲೆ ಗುಡಿಸುವ, ಪಾತಿ ಮಾಡುವ, ನೀರು ಬಿಡುವ ಕೆಲಸಕ್ಕೆ ಹೋಗುತ್ತಾರೆ, ಯಂತ್ರ ಇನ್ನೊಬ್ಬರಿಗೆ ಬರುತ್ತದೆ. ಚೈನ್ ಸಾಗೆ ಮಾತ್ರ ಫೋಮ್ ಇಯರ್ ಪ್ಲಗ್ ಹಾಗೂ ಅದರ ಮೇಲೆ ಮಫ್ ಎರಡನ್ನೂ ಕಡ್ಡಾಯ ಮಾಡಿದ್ದೇನೆ. ಎರಡನ್ನೂ ಹಾಕಿದರೆ ಎರಡರ ಸಂಖ್ಯೆಗಳು ಕೂಡುವುದಿಲ್ಲ, ಹೆಚ್ಚು ಬಲವಿರುವುದರ ಮೇಲೆ ಸುಮಾರು 5 ಡೆಸಿಬಲ್ ಅಷ್ಟೇ ಸೇರುತ್ತದೆ. 110ರ ಸದ್ದಿನ ಮುಂದೆ ಆ ಐದು ಕೂಡ ದೊಡ್ಡದೇ.

ಫೋಮ್ ಪ್ಲಗ್ ಅನ್ನು ಸುಮ್ಮನೆ ಒಳಗೆ ತುರುಕಿದರೆ ಪ್ರಯೋಜನವಿಲ್ಲ. ಯಂತ್ರ ಮುಟ್ಟುವ ಮೊದಲೇ, ಎಣ್ಣೆ ಮಣ್ಣು ಅಂಟದ ಕೈಯಿಂದ ಅದನ್ನು ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಆಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದಾಗ ಕಿವಿಯ ನಾಳ ನೆಟ್ಟಗಾಗುತ್ತದೆ. ಆಗ ಒಳಗೆ ಸೇರಿಸಿ, ಅದು ಹಿಗ್ಗಿ ತುಂಬಿಕೊಳ್ಳುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಾಗ ನಮ್ಮದೇ ಮಾತು ತಲೆಯೊಳಗಿನಿಂದ ಬಂದಂತೆ ಕೇಳುತ್ತದೆ. ಕಿವಿ ಸೋರುವವರಿಗೆ, ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಹಿಡಿದವರಿಗೆ ನಾನು ಪ್ಲಗ್ ಕೊಡುವುದಿಲ್ಲ. ವೈದ್ಯರು ನೋಡಿ ಒಪ್ಪುವವರೆಗೆ ಅವರು ಯಂತ್ರವನ್ನೂ ಹಿಡಿಯುವುದಿಲ್ಲ. ಹತ್ತಿಯ ಉಂಡೆ ಹೆಸರಿಗೆ ಮಾತ್ರ ರಕ್ಷಣೆ. ಹಾಡು ಕೇಳುವ ಇಯರ್‌ಫೋನ್ ಇನ್ನೂ ಅಪಾಯಕಾರಿ, ಏಕೆಂದರೆ ಯಂತ್ರದ ಸದ್ದನ್ನು ಮೀರಿ ಕೇಳಲು ಹಾಡಿನ ಸದ್ದನ್ನು ಏರಿಸುತ್ತ ಹೋಗುತ್ತಾರೆ.

ಮಫ್‌ನ ದಿಂಡು ಕಿವಿಯ ಸುತ್ತ ಸಂದಿಲ್ಲದೆ ಕೂರಬೇಕು. ಕನ್ನಡಕದ ದಪ್ಪ ಕಡ್ಡಿ, ತಲೆಗೆ ಸುತ್ತಿದ ಟವೆಲ್, ಟೋಪಿಯ ಅಂಚು ಇವುಗಳಲ್ಲಿ ಯಾವುದೊಂದು ನಡುವೆ ಸಿಕ್ಕರೂ ಅಲ್ಲಿಂದ ಶಬ್ದ ನುಸುಳುತ್ತದೆ. ಬಿಸಿಲಿಗೆ ಟವೆಲ್ ಸುತ್ತಿಕೊಳ್ಳದೆ ಕೆಲಸ ಮಾಡಿ ಎಂದು ಹೇಳುವುದು ಸಾಧ್ಯವಿಲ್ಲದ್ದರಿಂದ, ಮಫ್ ಮತ್ತು ಮುಖದ ಜಾಲರಿ ಎರಡೂ ಸೇರಿಕೊಂಡಿರುವ ಹೆಲ್ಮೆಟ್‌ಗಳನ್ನು ತರಿಸಿ, ಟವೆಲನ್ನು ಕತ್ತಿನ ಹಿಂಭಾಗಕ್ಕೆ ಇಳಿಬಿಡುವ ರೂಢಿ ಮಾಡಿದೆವು. ಬೆವರಿಗೆ ದಿಂಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಬದಲಿ ದಿಂಡು ಸಿಗುವ ಮಾದರಿಯನ್ನೇ ಕೊಳ್ಳುತ್ತೇನೆ, ಒಬ್ಬರ ಮಫ್ ಇನ್ನೊಬ್ಬರಿಗೆ ಕೊಡುವುದಿಲ್ಲ.

ಉಳಿದದ್ದು ಕೆಲಸದ ಕ್ರಮ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಮೊದಲೇ ಮಫ್ ಕಿವಿಯ ಮೇಲಿರಬೇಕು, ಎಂಜಿನ್ ಪೂರ್ತಿ ನಿಂತ ಮೇಲೆ ಮಾತ್ರ ಇಳಿಯಬೇಕು. ಯಾರೊಡನೆಯಾದರೂ ಮಾತನಾಡಬೇಕಾದರೆ ಮಫ್ ಸರಿಸುವಂತಿಲ್ಲ, ಯಂತ್ರವನ್ನೇ ನಿಲ್ಲಿಸಬೇಕು. ಕತ್ತರಿಸುವವರ ಬೆನ್ನ ಹಿಂದಿನಿಂದ ಯಾರೂ ಬರುವಂತಿಲ್ಲ. ಎದುರಿನಿಂದ, 15 ಮೀಟರ್ ಆಚೆ ನಿಂತು, ಕೈ ಮೇಲೆತ್ತಿ ಕಾಯಬೇಕು. ಮರದ ಮೇಲೆ ಇರುವವರಿಗೂ ಕೆಳಗೆ ಹಗ್ಗ ಹಿಡಿದವರಿಗೂ ಕೈಸನ್ನೆಗಳನ್ನು ಗೊತ್ತುಮಾಡಿದ್ದೇವೆ. ಫೋನುಗಳು ಟೆಂಪೋದಲ್ಲಿರುತ್ತವೆ; ಮನೆಯವರಿಗೆ ನನ್ನ ಸಂಖ್ಯೆ ಕೊಟ್ಟಿದ್ದೇವೆ, ತುರ್ತಿದ್ದರೆ ನಾನು ಹೋಗಿ ಹೇಳುತ್ತೇನೆ.

ಯಂತ್ರ ಹಿಡಿದವರಷ್ಟೇ ಮುಖ್ಯರಾದವರು ಅವರ ಪಕ್ಕದವರು. ನಿಲ್ಲಿಸಿದ ಕಾರುಗಳಿಗೆ ಕಲ್ಲು ಸಿಡಿಯದಂತೆ ಹಸಿರು ಬಲೆಯನ್ನು ಅಡ್ಡ ಹಿಡಿದು ಬ್ರಷ್ ಕಟರಿನ ಜೊತೆಜೊತೆಗೇ ಸರಿಯುವ ಹುಡುಗನನ್ನು ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿಯಾದರೂ ಕಾಣಬಹುದು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆಂಬುದು ನಿಜ, ಆದರೆ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಅದು ಪ್ರತಿಧ್ವನಿಸಿ ಮರಳುತ್ತದೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬ್ಲೋವರ್ ಬಳಸಲು ನಾನು ಒಪ್ಪುವುದೇ ಇಲ್ಲ, ಪೊರಕೆ ಸಾಕು. ಬಲೆ ಹಿಡಿಯುವವರಿಗೂ ಕೊಂಬೆ ಎಳೆಯುವವರಿಗೂ ಮಫ್ ಕೊಡದೆ ಕೆಲಸ ಶುರುವಾಗುವುದಿಲ್ಲ.

ಯಂತ್ರದ ಸದ್ದನ್ನೇ ತಗ್ಗಿಸುವುದು ಎಲ್ಲಕ್ಕಿಂತ ಮೇಲು. ಬೇಲಿಗಿಡಕ್ಕೂ ಸಣ್ಣ ಹುಲ್ಲುಹಾಸಿಗೂ ಬ್ಯಾಟರಿ ಯಂತ್ರಗಳನ್ನು ತಂದ ಮೇಲೆ ವ್ಯತ್ಯಾಸ ಎದ್ದು ಕಂಡಿತು. ಬೆಲೆ ಹೆಚ್ಚು, ಆದರೆ ನಿವಾಸಿಗಳ ದೂರುಗಳೂ ಕಡಿಮೆಯಾದವು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್ ಎಂಬುದನ್ನು ನೆನೆದರೆ ಅವರ ದೂರು ಸುಳ್ಳಲ್ಲ. ಪೆಟ್ರೋಲ್ ಯಂತ್ರಗಳಲ್ಲಿ ಸಡಿಲಾದ ಸೈಲೆನ್ಸರ್ ಬಿಗಿ ಮಾಡುವುದು, ಚೈನನ್ನು ಹರಿತವಾಗಿಟ್ಟು ಕೊಯ್ಯುವ ಹೊತ್ತನ್ನು ಕಡಿಮೆ ಮಾಡುವುದು, ಅಗತ್ಯವಿಲ್ಲದ ಕಡೆ ಪೂರ್ತಿ ರೇಸ್ ಕೊಡದಿರುವುದು ಕೂಡ ಕೇಳ್ಮೆಯ ರಕ್ಷಣೆಯೇ.

ಇಷ್ಟೆಲ್ಲ ಫಲಿಸುತ್ತಿದೆಯೇ ಎಂದು ತಿಳಿಯಲು ಪರೀಕ್ಷೆಯೊಂದೇ ದಾರಿ. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಮಾಡಿಸುತ್ತೇನೆ. ಬೆಂಗಳೂರಿನಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಊರಿಗೆ ಹೋಗುವ ದಾರಿಯಲ್ಲಿ ಅನುಕೂಲವಾಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಗದ್ದಲದಿಂದ ತಾತ್ಕಾಲಿಕವಾಗಿ ಮಂದವಾದ ಕಿವಿ ತಪ್ಪು ಫಲಿತಾಂಶ ಕೊಡುವುದರಿಂದ ಪರೀಕ್ಷೆಗೆ ಮುನ್ನ ಕನಿಷ್ಠ 14 ಗಂಟೆ ಕಿವಿಗೆ ವಿಶ್ರಾಂತಿ ಇರಬೇಕು. ಹಾಗಾಗಿ ವಾರದ ರಜೆಯ ಮರುದಿನ ಬೆಳಿಗ್ಗೆ ನೇರವಾಗಿ ಕಳುಹಿಸುತ್ತೇನೆ. ಹಿಂದಿನ ನಕ್ಷೆಯೊಂದಿಗೆ ಹೋಲಿಸಿ 2,000, 3,000, 4,000 ಹರ್ಟ್ಸ್‌ಗಳಲ್ಲಿ ಸರಾಸರಿ 10 ಡೆಸಿಬಲ್ ಕುಸಿದಿದೆಯೇ ಎಂದು ಆಡಿಯಾಲಜಿಸ್ಟ್ ಅವರನ್ನು ಕೇಳಿ ಬರೆಸಿಕೊಳ್ಳುತ್ತೇನೆ.

ಈಚೆಗೆ ಸೇರಿದ ಒಬ್ಬ ಯುವಕನ ಮೊದಲ ನಕ್ಷೆಯಲ್ಲಿಯೇ ಎಡಗಿವಿಗೆ 4,000 ಹರ್ಟ್ಸ್‌ನಲ್ಲಿ ತಗ್ಗು ಕಂಡಿತು. ಮುಂಚೆ ಅವನು ಮರ ಕೊಯ್ಯುವ ಕೆಲಸದಲ್ಲಿ ವರ್ಷಗಟ್ಟಲೆ ಬರಿಗಿವಿಯಲ್ಲಿ ದುಡಿದವನು. ಕೆಲಸ ಹೋಗುತ್ತದೆಂದು ಅವನಿಗೆ ಭಯವಾಗಿತ್ತು. ಸಂಬಳ ಅಷ್ಟೇ ಇಟ್ಟು, ಚೈನ್ ಸಾ ಬಿಡಿಸಿ, ಬ್ಯಾಟರಿ ಹೆಡ್ಜ್ ಟ್ರಿಮ್ಮರ್ ಕೊಟ್ಟಿದ್ದೇನೆ. ಅದಕ್ಕೂ ಮಫ್ ತಪ್ಪುವುದಿಲ್ಲ. ಅವನ ಮುಂದಿನ ಪರೀಕ್ಷೆಯನ್ನು ವರ್ಷದವರೆಗೆ ಕಾಯದೆ ಆರು ತಿಂಗಳಿಗೇ ಗೊತ್ತುಮಾಡಿದ್ದೇವೆ, ಬೈಕಿನಲ್ಲಿ ಓಡಾಡುವಾಗ ಹಾಕಿಕೊಳ್ಳುತ್ತಿದ್ದ ಇಯರ್‌ಫೋನನ್ನು ಅವನು ತಾನಾಗಿಯೇ ಬಿಟ್ಟಿದ್ದಾನೆ.